ನಾಲ್ಕೇ ಕರೆಗೆ ಇಳಿದವರ ಲೆಕ್ಕ

ಕಂಬಳದ ಸೀಸನ್ ಮುಗಿಯುವ ಹೊತ್ತಿಗೆ ನಮ್ಮ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಪಟ್ಟಿ ಓಡಾಡಲು ಶುರುವಾಗುತ್ತದೆ. ಈ ವರ್ಷ ಯಾರ ಕೋಣಗಳಿಗೆ ಎಷ್ಟು ಪದಕ, ಯಾವ ಓಟಗಾರನಿಗೆ ಎಷ್ಟು ಪದಕ, ಮೇಲಿನಿಂದ ಕೆಳಗೆ. ಹೆಸರು, ಪಕ್ಕದಲ್ಲಿ ಒಂದು ಸಂಖ್ಯೆ. ಆಮೇಲೆ ಎರಡು ದಿನ ಗಲಾಟೆ. ನಮ್ಮ ಮನೆತನ ಮೇಲೆ, ನಿಮ್ಮದು ಕೆಳಗೆ, ಆ ಫೈನಲ್‌ನಲ್ಲಿ ನಿಜವಾಗಿ ಗೆದ್ದದ್ದು ಇವರು, ಹೀಗೆ.

ನನಗೆ ಆ ಗಲಾಟೆಯಲ್ಲಿ ಆಸಕ್ತಿ ಇಲ್ಲ. ನನ್ನ ತಕರಾರು ಪಟ್ಟಿಯಲ್ಲಿ ಇಲ್ಲದ ಒಂದು ಕಾಲಂ ಬಗ್ಗೆ. ಈ ಪದಕಗಳು ಎಷ್ಟು ಕಂಬಳಕ್ಕೆ ಹೋಗಿ ಬಂದದ್ದು? ಇಪ್ಪತ್ತಕ್ಕೋ, ನಾಲ್ಕಕ್ಕೋ? ಭಾಜ್ಯ ಮಾತ್ರ ಕೊಟ್ಟು ಭಾಜಕವನ್ನು ಮುಚ್ಚಿಟ್ಟರೆ ಅದು ಲೆಕ್ಕವಲ್ಲ, ಜಾಹೀರಾತು.

ಕಂಬಳವನ್ನು 2022ರ 'ಕಾಂತಾರ'ದಲ್ಲಿ ಅಥವಾ 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಮಾತ್ರ ನೋಡಿದವರಿಗಾಗಿ ಸ್ವಲ್ಪ ಹಿನ್ನೆಲೆ. ಕೆಸರುಗದ್ದೆಯ ಓಟದ ದಾರಿಗೆ 'ಕರೆ' ಅಂತಾರೆ. ಅಕ್ಕಪಕ್ಕ ಎರಡು ಇದ್ದರೆ ಜೋಡುಕರೆ. ಆ ಎರಡು ಕರೆಗಳಿಗೂ ಹೆಸರುಂಟು. ಮೂಡುಬಿದಿರೆಯ ಕಡಲಕೆರೆಯಲ್ಲಿ ಕೋಟಿ-ಚೆನ್ನಯ, ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಸೂರ್ಯ-ಚಂದ್ರ, ಬಂಟ್ವಾಳ ತಾಲೂಕಿನ ಕಕ್ಯಪದವಿನಲ್ಲಿ ಸತ್ಯ-ಧರ್ಮ. ಗಂತಿನಿಂದ ಬಿಟ್ಟ ಕೋಣಗಳು ಮಂಜೊಟ್ಟಿಗೆ ಬಂದು ಮುಟ್ಟಬೇಕು. ನೇಗಿಲು, ಹಗ್ಗ, ಅಡ್ಡಹಲಗೆ, ಕನೆಹಲಗೆ ಎಂದು ವಿಭಾಗಗಳು. ನೇಗಿಲು-ಹಗ್ಗದಲ್ಲಿ ಹಿರಿಯ, ಕಿರಿಯ ಎಂಬ ಭಾಗ. ನವೆಂಬರ್ ಸುಮಾರಿಗೆ ಶುರುವಾಗಿ ಬೇಸಗೆ ಕಾಲಿಡುವವರೆಗೆ ಹೆಚ್ಚುಕಡಿಮೆ ಪ್ರತಿ ವಾರಾಂತ್ಯ ಎಲ್ಲೋ ಒಂದು ಕಡೆ ಕಂಬಳ. ದೊಡ್ಡ ಕಂಬಳಕ್ಕೆ ನೂರಕ್ಕೂ ಹೆಚ್ಚು ಜೋಡಿ ಬರುತ್ತವೆ. ಇಬ್ಬಿಬ್ಬರಾಗಿ ಬಿಟ್ಟು, ಸೋತವರನ್ನು ಹೊರಗಿಟ್ಟು, ಮರುದಿನದವರೆಗೆ ಓಡಿಸಿ ಫೈನಲ್ ಮುಗಿಸುತ್ತಾರೆ.

ಇದಕ್ಕೆ ಬರುವವರಲ್ಲಿ ಎರಡು ಜಾತಿ. (ಆ ಜಾತಿ ಅಲ್ಲ, ಮಾರಾಯ್ರೆ.) ಒಂದು, ಪ್ರತಿ ವಾರ ಬರುವವರು. ಇವರಿಗೆ ಲಾರಿ ಉಂಟು, ಕೋಣ ನೋಡಿಕೊಳ್ಳಲು ಜನ ಉಂಟು, ಒಳ್ಳೆಯ ಓಟಗಾರನ ಜೊತೆ ಸೀಸನ್ನಿನ ಮಾತುಕತೆ ಮೊದಲೇ ಆಗಿರುತ್ತದೆ. ಫಲಿತಾಂಶದಲ್ಲಿ ಮನೆ ಹೆಸರಿನ ಮುಂದೆ 'ಎ', 'ಬಿ' ಅಂತ ಇರುತ್ತದಲ್ಲ, ಅದು ಒಂದೇ ಮನೆಯಿಂದ ಒಂದಕ್ಕಿಂತ ಹೆಚ್ಚು ಜೋಡಿ ಇಳಿದದ್ದರ ಗುರುತು. ಇನ್ನೊಂದು ಜಾತಿ, ಅಪರೂಪಕ್ಕೆ ಬರುವವರು. ಇರುವುದು ಒಂದೇ ಜೋಡಿ. ಅಡಿಕೆ ಕೊಯ್ಲು ಇದೆ, ಮಗಳ ಫೀಸು ಇದೆ, ಹುರುಳಿ ಬೇಯಿಸಿ ಹಾಕುವುದರಿಂದ ಹಿಡಿದು ಎಣ್ಣೆ ತಿಕ್ಕುವವರೆಗೆ ಎಲ್ಲ ಮನೆಯವರೇ. ಹತ್ತಿರದ ನಾಲ್ಕು ಕಂಬಳಕ್ಕೆ ಹೋಗಿ ಬಂದರೆ ಅವರ ಸೀಸನ್ ಮುಗಿಯಿತು.

ಈ ಎರಡನೆಯವರನ್ನು ಪಟ್ಟಿಯಲ್ಲಿ ಎಲ್ಲಿ ಇಡಬೇಕು? ಇದು ಸಣ್ಣ ಪ್ರಶ್ನೆಯಲ್ಲ. ಒಂದು ಜೋಡಿಗೆ ಹೆಸರು ಬಂದರೆ ಅದರ ಬೆಲೆ ಬದಲಾಗುತ್ತದೆ, ಒಳ್ಳೆಯ ಓಟಗಾರ ಫೋನ್ ಎತ್ತುತ್ತಾನೆ, ಮನೆಯಲ್ಲಿ "ಇನ್ನೊಂದು ವರ್ಷ ಇಟ್ಟುಕೊಳ್ಳುವ" ಎಂಬ ಮಾತಿಗೆ ಬಲ ಬರುತ್ತದೆ. ಹೆಸರು ಬಾರದಿದ್ದರೆ ಹಟ್ಟಿ ಖಾಲಿ ಆಗುತ್ತದೆ.

ಈಗಿನ ಪದ್ಧತಿ, ಅಂದರೆ ಒಟ್ಟು ಪದಕ ಕೂಡಿಸುವುದು, ಏನು ಮಾಡುತ್ತದೆ ನೋಡೋಣ. ಲೆಕ್ಕಕ್ಕೆ ಊಹಿಸಿಕೊಳ್ಳಿ: ಒಂದು ಜೋಡಿ 20 ಕಂಬಳಕ್ಕೆ ಹೋಗಿ 6 ಗೆದ್ದಿತು. ಇನ್ನೊಂದು 4ಕ್ಕೆ ಹೋಗಿ 2 ಗೆದ್ದಿತು. ಪಟ್ಟಿಯಲ್ಲಿ 6 ಮೇಲೆ, 2 ಎಲ್ಲೋ ಕೆಳಗೆ. ಓದುವವನು "ಮೊದಲನೆಯದು ಮೂರು ಪಟ್ಟು ಒಳ್ಳೆಯ ಜೋಡಿ" ಅಂದುಕೊಳ್ಳುತ್ತಾನೆ. ಆದರೆ ಪಟ್ಟಿ ಹಾಗೆ ಹೇಳಿಲ್ಲ. "ಯಾರು ಹೆಚ್ಚು ಸಲ ಬಂದು ಗೆದ್ದರು" ಎಂಬ ಪ್ರಶ್ನೆಗೆ ಅದು ಉತ್ತರ ಕೊಟ್ಟಿದೆ. ನಾವು ಅದನ್ನು "ಯಾರ ಕೋಣ ವೇಗ" ಎಂಬ ಪ್ರಶ್ನೆಯ ಉತ್ತರ ಅಂತ ಓದಿಕೊಂಡಿದ್ದೇವೆ. ಓಟಗಾರರ ಪಟ್ಟಿಯಲ್ಲೂ ಇದೇ ಕಥೆ. ಒಂದೇ ದಿನ ನಾಲ್ಕು ವಿಭಾಗದಲ್ಲಿ ನಾಲ್ಕು ಮನೆಯ ಕೋಣ ಓಡಿಸುವವನಿಗೆ ಪದಕ ಸಿಗಲು ನಾಲ್ಕು ಬಾಗಿಲು, ಒಂದೇ ಮನೆಗೆ ಓಡುವವನಿಗೆ ಒಂದೇ ಬಾಗಿಲು.

ಇನ್ನೊಂದು ನಷ್ಟವೂ ಉಂಟು. ಪತ್ರಿಕೆಯ ಫಲಿತಾಂಶದಲ್ಲಿ ಸಾಮಾನ್ಯವಾಗಿ ಪ್ರಥಮ, ದ್ವಿತೀಯ ಎರಡೇ. ಸೆಮಿಫೈನಲ್ಲಿನಲ್ಲಿ ಕೂದಲೆಳೆಯಲ್ಲಿ ಸೋತ ಜೋಡಿಯೂ ಮೊದಲ ಸುತ್ತಿನಲ್ಲೇ ದಾರಿ ತಪ್ಪಿದ ಜೋಡಿಯೂ ಲೆಕ್ಕಕ್ಕೆ ಒಂದೇ: ಸೊನ್ನೆ. ಪ್ರತಿ ವಾರ ಬರುವವನಿಗೆ ಈ ಸೊನ್ನೆ ತೊಂದರೆ ಕೊಡುವುದಿಲ್ಲ, ಮುಂದಿನ ವಾರ ಇದ್ದೇ ಇದೆ. ನಾಲ್ಕು ಸಲ ಬರುವವನಿಗೆ ಎರಡು ಸೊನ್ನೆ ಅಂದರೆ ಅರ್ಧ ಸೀಸನ್ ಹೋಯಿತು.

ಹಾಗಾದರೆ ಸರಾಸರಿ ತೆಗೆದರೆ ಆಯಿತಲ್ಲ, ಭಾಗಾಕಾರ ಮಾಡಿ ಮುಗಿಸಿ ಅಂತೀರಿ. ಆಗುವುದಿಲ್ಲ. ಇದಕ್ಕೆ ಕ್ರಿಕೆಟ್ಟಿನಲ್ಲೇ ಉತ್ತರ ಇದೆ. ಟೆಸ್ಟ್ ಬ್ಯಾಟಿಂಗ್ ಸರಾಸರಿಯಲ್ಲಿ ಡಾನ್ ಬ್ರಾಡ್ಮನ್ 99.94. ಆದರೆ ವೆಸ್ಟ್ ಇಂಡೀಸಿನ ಆಂಡಿ ಗ್ಯಾಂಟೋಮ್ ಎಂಬವರು 1948ರಲ್ಲಿ ಇಂಗ್ಲೆಂಡ್ ವಿರುದ್ಧ ಒಂದೇ ಒಂದು ಟೆಸ್ಟ್ ಆಡಿ, ಒಂದೇ ಇನ್ನಿಂಗ್ಸಿನಲ್ಲಿ 112 ಹೊಡೆದರು. ಮತ್ತೆ ಅವರನ್ನು ಕರೆಯಲೇ ಇಲ್ಲ. ಅವರ ಸರಾಸರಿ 112. ಬ್ರಾಡ್ಮನ್‌ಗಿಂತ ಮೇಲೆ! ಇದನ್ನು ತಪ್ಪಿಸಲು ದಾಖಲೆ ಬರೆಯುವವರು "ಕನಿಷ್ಠ 20 ಇನ್ನಿಂಗ್ಸ್" ಅಂತ ಗೆರೆ ಎಳೆಯುತ್ತಾರೆ. ಗೆರೆ ಎಳೆದರೆ ಏನಾಗುತ್ತದೆ? 19 ಇನ್ನಿಂಗ್ಸ್ ಆಡಿದವನು ಮಾಯ. ಅಂದರೆ ಒಟ್ಟು ಕೂಡಿಸಿದರೆ ಹೆಚ್ಚು ಬಂದವನಿಗೆ ಲಾಭ, ಸರಾಸರಿ ತೆಗೆದರೆ ಒಂದು ಸಲ ಗೆದ್ದು ಮನೆಯಲ್ಲಿ ಕೂತವನಿಗೆ ಲಾಭ, ಗೆರೆ ಎಳೆದರೆ ಅಪರೂಪದವನು ಲೆಕ್ಕದಲ್ಲೇ ಇಲ್ಲ.

ಮೂರನೇ ದಾರಿ ಅಂತ ಮಾಧ್ಯಮಗಳು ಹಿಡಿದದ್ದು ಸಮಯವನ್ನು. ಎಷ್ಟು ಪದಕ ಅಂತ ಬೇಡ, ಎಷ್ಟು ಸೆಕೆಂಡ್ ಅಂತ ನೋಡಿ. 2020ರ ಫೆಬ್ರವರಿಯಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಮೂಡುಬಿದಿರೆ ಕಡೆಯ ಶ್ರೀನಿವಾಸ ಗೌಡರು ಐಕಳ ಕಂಬಳದಲ್ಲಿ 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಮುಟ್ಟಿದರು. ಯಾರೋ ಅದನ್ನು 100 ಮೀಟರಿಗೆ ಇಳಿಸಿ 9.55 ಎಂದರು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಮಾಡಿದ ದಾಖಲೆ 9.58. ಅಷ್ಟೇ ಸಾಕಾಯಿತು. ಕ್ರೀಡಾ ಸಚಿವರಿಂದ ಟ್ರಯಲ್ಸಿಗೆ ಕರೆ ಬಂತು, ಗೌಡರು ಹೋಗಲಿಲ್ಲ. ಅದೇ ತಿಂಗಳು ವೇಣೂರಿನಲ್ಲಿ ನಿಶಾಂತ್ ಶೆಟ್ಟರು 143 ಮೀಟರನ್ನು 13.61ರಲ್ಲಿ ಮುಟ್ಟಿದರು, ಅದು 9.51 ಆಯಿತು, "ದಾಖಲೆ ಮುರಿಯಿತು" ಅಂತ ಸುದ್ದಿ ಆಯಿತು. ಮರುವರ್ಷ 9 ಸೆಕೆಂಡಿಗಿಂತ ಕೆಳಗಿನ ಸುದ್ದಿಯೂ ಬಂತು.

ಬೋಲ್ಟ್ ಹೋಲಿಕೆಯನ್ನು ಬಿಡಿ. ಕೋಣ ಎಳೆಯುತ್ತಿರುವಾಗ ಮನುಷ್ಯನ ವೇಗ ಅಳೆಯುವುದು ಸರಿಯಲ್ಲ ಅಂತ ಈಗಾಗಲೇ ಬೇಕಾದಷ್ಟು ಜನ ಹೇಳಿದ್ದಾರೆ. ನಾನು ಕೇಳುವುದು ಐಕಳ ಮತ್ತು ವೇಣೂರಿನ ಹೋಲಿಕೆಯನ್ನು. ಕಚ್ಚಾ ಡೇಟಾ ನೋಡಿ: ಸಮಯದಲ್ಲಿ ವ್ಯತ್ಯಾಸ 0.01 ಸೆಕೆಂಡ್. ಕರೆಯ ಉದ್ದದಲ್ಲಿ ವ್ಯತ್ಯಾಸ ಅರ್ಧ ಮೀಟರ್. ಆ ವೇಗದಲ್ಲಿ ಅರ್ಧ ಮೀಟರ್ ಓಡಲು ಬೇಕಾಗುವುದು ಸುಮಾರು 0.05 ಸೆಕೆಂಡ್. ಅಂದರೆ ಇಡೀ "ದಾಖಲೆ" ನಿಂತಿರುವುದು ಕೆಸರುಗದ್ದೆಯ ಉದ್ದವನ್ನು ಟೇಪು ಹಿಡಿದವರು ಅರ್ಧ ಮೀಟರ್ ಆಚೀಚೆ ಮಾಡದೆ ಅಳೆದಿದ್ದಾರೆ ಎಂಬ ನಂಬಿಕೆಯ ಮೇಲೆ. ಅದರ ಮೇಲೆ ಒಂದು ಕರೆಯಲ್ಲಿ ನೀರು ಜಾಸ್ತಿ, ಇನ್ನೊಂದರಲ್ಲಿ ಕೆಸರು ಗಟ್ಟಿ, ಬೆಳಿಗ್ಗೆಯ ಮೊದಲ ಓಟದ ಕರೆಗೂ ನೂರು ಜೋಡಿ ತುಳಿದಾದ ಮೇಲಿನ ಕರೆಗೂ ಇರುವ ವ್ಯತ್ಯಾಸ. ಬೇರೆ ಬೇರೆ ಊರಿನ ಸೆಕೆಂಡುಗಳನ್ನು ಒಂದೇ ಎಕ್ಸೆಲ್ ಶೀಟಿಗೆ ಹಾಕಿ ಸಾರ್ಟ್ ಮಾಡಿದರೆ ನಮಗೆ ಸಿಗುವುದು ಗದ್ದೆಗಳ ರ‍್ಯಾಂಕಿಂಗ್, ಕೋಣಗಳದ್ದಲ್ಲ.

ಇಂಥದ್ದೇ ತಲೆನೋವು ಬೇರೆಲ್ಲಾದರೂ ಉಂಟಾ ಅಂತ ಹುಡುಕಿದರೆ ನಮಗೆ ಸಂಬಂಧವೇ ಇಲ್ಲದ ಒಂದು ಆಟ ಸಿಗುತ್ತದೆ: ಹಿಮದ ಮೇಲಿನ ಸ್ಕೀ ಓಟ. ಅಲ್ಲೂ ಪ್ರತಿ ಬೆಟ್ಟ ಬೇರೆ, ಪ್ರತಿ ದಿನದ ಹಿಮ ಬೇರೆ. ವಾರವಾರ ಬರುವ ವೃತ್ತಿಪರರ ಜೊತೆ ವರ್ಷಕ್ಕೆರಡು ಸಲ ರಜೆ ಹಾಕಿ ಬರುವ ಹವ್ಯಾಸಿಗಳೂ ಇದ್ದಾರೆ. ಅಮೆರಿಕದಲ್ಲಿ 1968ರಲ್ಲಿ ಶುರುವಾದ ನಾಸ್ಟಾರ್ ಎಂಬ ಹವ್ಯಾಸಿ ಓಟದ ವ್ಯವಸ್ಥೆ ಇದಕ್ಕೆ ಸರಳ ಉಪಾಯ ಮಾಡಿತು. ಪ್ರತಿ ಬೆಟ್ಟದಲ್ಲಿ ಒಬ್ಬ ಪೇಸ್‌ಸೆಟರ್ ಇರುತ್ತಾನೆ. ದೇಶದ ಅತ್ಯುತ್ತಮ ಓಟಗಾರನಿಗಿಂತ ಅವನು ಎಷ್ಟು ಶೇಕಡಾ ನಿಧಾನ ಎಂಬುದು ಮೊದಲೇ ಗೊತ್ತಿರುತ್ತದೆ. ಆ ದಿನ ಅದೇ ಹಿಮದಲ್ಲಿ ಅವನು ಮೊದಲು ಓಡುತ್ತಾನೆ. ಅವನ ಸಮಯದ ಮೂಲಕ, ಆ ಅತ್ಯುತ್ತಮ ಓಟಗಾರನಿಗಿಂತ ನೀವು ಎಷ್ಟು ಶೇಕಡಾ ಹಿಂದೆ ಎಂದು ಲೆಕ್ಕ ಹಾಕಿದರೆ ಅದೇ ನಿಮ್ಮ ಅಂಕ. ಬೆಟ್ಟ, ಹಿಮ, ಉದ್ದ ಎಲ್ಲ ಇಬ್ಬರಿಗೂ ಒಂದೇ ಆದ್ದರಿಂದ ಲೆಕ್ಕದಿಂದ ಹೊರಗೆ ಹೋಗುತ್ತವೆ.

ಅಂತಾರಾಷ್ಟ್ರೀಯ ಸ್ಕೀ ಒಕ್ಕೂಟದ ಕ್ರಾಸ್‌ಕಂಟ್ರಿ ಪಟ್ಟಿಯಲ್ಲಿ ಇನ್ನೊಂದು ಜಾಣತನ ಇದೆ. ಅಲ್ಲಿ ಅಂಕ ಕಡಿಮೆ ಇದ್ದಷ್ಟು ಒಳ್ಳೆಯದು. ವರ್ಷದಲ್ಲಿ ನೀವು ಎಷ್ಟು ಓಡಿದರೂ ನಿಮ್ಮ ಅತ್ಯುತ್ತಮ ಐದು ಫಲಿತಾಂಶಗಳ ಸರಾಸರಿ ಮಾತ್ರ ಲೆಕ್ಕಕ್ಕೆ. ಐದು ಇಲ್ಲದಿದ್ದರೆ? ಹೊರಗೆ ಹಾಕುವುದಿಲ್ಲ. ನಾಲ್ಕೇ ಇದ್ದರೆ ಸರಾಸರಿಯನ್ನು 1.1ರಿಂದ ಗುಣಿಸುತ್ತಾರೆ, ಮೂರಿದ್ದರೆ 1.2, ಎರಡಿದ್ದರೆ 1.3, ಒಂದೇ ಇದ್ದರೆ 1.4. ಅಪರೂಪದವನಿಗೆ ಜಾಗ ಇದೆ, ಆದರೆ ಪೂರ್ತಿ ನಂಬಿಕೆ ಇನ್ನೂ ಇಲ್ಲ. ಇಂಜಿನಿಯರಿಂಗ್ ಓದಿದವರಿಗೆ ಇದರ ಅರ್ಧ ಗೊತ್ತೇ ಇದೆ. ಮೂರು ಇಂಟರ್ನಲ್ಸ್, ಅದರಲ್ಲಿ ಬೆಸ್ಟ್ ಎರಡು. ಮೂರನೆಯದರ ದಿನ ಜ್ವರ ಬಂದವನೂ ಪಾಸಾಗುತ್ತಿದ್ದ.

ಇದನ್ನು ಕಂಬಳಕ್ಕೆ ತರಬಹುದಾ? ತರಬಹುದು, ಮತ್ತು ಹೊಸದಾಗಿ ಏನೂ ಕೊಳ್ಳಬೇಕಾಗಿಲ್ಲ. ಲೇಸರ್ ಬೀಮ್, ಎಲೆಕ್ಟ್ರಾನಿಕ್ ಟೈಮರ್ ಈಗಾಗಲೇ ಮಂಜೊಟ್ಟಿಗೆ ಬಂದಿವೆ. ಆ ದಿನ, ಆ ವಿಭಾಗದಲ್ಲಿ ಗೆದ್ದ ಜೋಡಿಯ ಒಳ್ಳೆಯ ಸಮಯ 11.50 ಎನ್ನಿ. ನಮ್ಮ ನಾಲ್ಕು-ಕಂಬಳದ ಜೋಡಿಯ ಒಳ್ಳೆಯ ಸಮಯ 11.73. ಅಂತರ ಶೇ. 2. ಬರೆದಿಡಬೇಕಾದ್ದು ಇಷ್ಟೇ: 11.73 ಅಲ್ಲ, 2. ಕರೆ 125 ಮೀಟರ್ ಇರಲಿ, 143 ಇರಲಿ, ಕೆಸರು ಹೇಗೂ ಇರಲಿ, ಆ 2ಕ್ಕೆ ಅರ್ಥ ಇದೆ. ಸೆಮಿಫೈನಲ್ಲಿನಲ್ಲಿ ಸೋತವನಿಗೂ ಒಂದು ಅಂಕ ಸಿಗುತ್ತದೆ, ಸೊನ್ನೆಯ ಗುಂಡಿಗೆ ಬೀಳುವುದಿಲ್ಲ. ಸೀಸನ್ ಕೊನೆಗೆ ಐದು ಒಳ್ಳೆಯ ಅಂತರಗಳ ಸರಾಸರಿ. ನಮ್ಮವನಿಗೆ ನಾಲ್ಕೇ ಇವೆ, ಸರಾಸರಿ 2, ಗುಣಿಸಿದರೆ 2.2. ಇಪ್ಪತ್ತು ಕಂಬಳ ಓಡಿದ ಇನ್ನೊಂದು ಜೋಡಿಯ ಬೆಸ್ಟ್ ಐದರ ಸರಾಸರಿ 2.3 ಇದ್ದರೆ, ದಂಡ ಕಟ್ಟಿದ ಮೇಲೂ ನಮ್ಮವನೇ ಒಂದು ಮೆಟ್ಟಿಲು ಮೇಲೆ.

ಇಲ್ಲಿ ಒಂದು ಬಗ್ ಇದೆ, ಕೋಡ್ ಬರೆಯುವವರು ಈಗಾಗಲೇ ಹಿಡಿದಿರುತ್ತೀರಿ. ಒಂದೇ ಕಂಬಳಕ್ಕೆ ಹೋಗಿ ಗೆದ್ದವನ ಅಂತರ ಸೊನ್ನೆ. ಸೊನ್ನೆಯನ್ನು 1.4ರಿಂದ ಗುಣಿಸಿದರೂ ಸೊನ್ನೆಯೇ. ಗ್ಯಾಂಟೋಮ್ ಹಿಂಬಾಗಿಲಿನಿಂದ ವಾಪಸ್! ಸ್ಕೀಯವರು ಇದಕ್ಕೂ ಮದ್ದು ಇಟ್ಟಿದ್ದಾರೆ. ಆ ದಿನ ಕಣದಲ್ಲಿ ಯಾರು ಯಾರು ಇದ್ದರು ಎಂಬುದನ್ನು ಅಳೆದು, ಬಲ ಕಡಿಮೆ ಇದ್ದ ಓಟಕ್ಕೆ ಎಲ್ಲರಿಗೂ ಹೆಚ್ಚುವರಿ ಅಂಕ ಸೇರಿಸುತ್ತಾರೆ. ಘಟಾನುಘಟಿಗಳು ಬಾರದ ಕಡೆ ಗೆದ್ದರೆ ಆ ಗೆಲುವು ಸೊನ್ನೆಯಿಂದಲ್ಲ, ಎರಡರಿಂದಲೋ ಮೂರರಿಂದಲೋ ಶುರು. ಕಂಬಳದಲ್ಲಿ ಈ ಬಲವನ್ನು ಅಳೆಯುವುದು ಹೇಗೆ? ಪ್ರತಿ ವಾರ ಬರುವವರಿಂದ. ಎಲ್ಲ ಕರೆಗಳಲ್ಲೂ ಓಡುವ ಅದೇ ಹತ್ತಿಪ್ಪತ್ತು ಜೋಡಿಗಳೇ ಒಂದು ಊರನ್ನು ಇನ್ನೊಂದು ಊರಿಗೆ ಜೋಡಿಸುವ ದಾರ. ಅವರೇ ನಮ್ಮ ಪೇಸ್‌ಸೆಟರ್. ಅವರಿಲ್ಲದೆ ಅಪರೂಪದವನನ್ನು ಅಳೆಯಲು ಕೋಲೇ ಇಲ್ಲ.

ಅದಕ್ಕೇ ಅವರ ಕಡೆಯ ವಾದವನ್ನೂ ಕೇಳಬೇಕು. ಅವರು ಹೇಳಬಹುದು: "ನಮ್ಮ ಕೋಣ ಕಳೆದ ವಾರ ಓಡಿ ದಣಿದಿರುತ್ತದೆ, ಲಾರಿಯಲ್ಲಿ ನಿಂತು ಬಂದಿರುತ್ತದೆ. ನಿಮ್ಮದು ತಿಂಗಳು ರೆಸ್ಟ್ ತೆಗೆದುಕೊಂಡು ಫ್ರೆಶ್ ಆಗಿ ಬರುತ್ತದೆ. ಅದೂ ನಿಮಗೆ ಹೊಂದುವ ಕರೆ ನೋಡಿ ಬರುತ್ತೀರಿ. ಆಮೇಲೆ ಸಮಾನ ಲೆಕ್ಕ ಬೇಕಾ?" ಮಾತು ಸರಿಯಾಗಿಯೇ ಇದೆ. ಐದು ತಿಂಗಳು ಕೋಣವನ್ನು ಗಾಯ ಆಗದಂತೆ, ಹಸಿವು ಕೆಡದಂತೆ, ಓಟದ ಹದ ತಪ್ಪದಂತೆ ಇಟ್ಟುಕೊಳ್ಳುವುದು ದೊಡ್ಡ ವಿದ್ಯೆ. ಅದಕ್ಕೆ ಸೀಸನ್ನಿನ ಪ್ರಶಸ್ತಿ ಇರಲೇಬೇಕು, ಅದನ್ನು ಒಟ್ಟು ಲೆಕ್ಕದಲ್ಲೇ ಕೊಡಲಿ. ನಾನು ಅದನ್ನು ಕಿತ್ತು ಇನ್ನೊಬ್ಬನಿಗೆ ಕೊಡಿ ಅನ್ನುತ್ತಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಪಟ್ಟಿ ಇರಲಿ ಅಂತ ಅಷ್ಟೇ. ಒಂದು ತಾಳಿಕೆಯ ಪಟ್ಟಿ, ಇನ್ನೊಂದು ವೇಗದ ಪಟ್ಟಿ. ಎರಡರ ಮೇಲೂ ಅದು ಯಾವುದರ ಪಟ್ಟಿ ಅಂತ ಬರೆದಿರಲಿ.

ಈ ಎರಡನೇ ಪಟ್ಟಿಯಿಂದ ಕೋಣಗಳಿಗೂ ಒಂದು ಉಪಕಾರ ಉಂಟು. ಎಲ್ಲಕ್ಕಿಂತ ಗಂಭೀರ ವಿಷಯ ನನ್ನ ಮಟ್ಟಿಗೆ ಇದೇ. ಒಟ್ಟು ಪದಕವೇ ದೇವರು ಅಂದಾಗ ಒಂದು ವಾರ ಮನೆಯಲ್ಲಿ ಕೂತರೆ ನಷ್ಟ. ಕಾಲು ಸ್ವಲ್ಪ ಎಳೆಯುತ್ತಿದ್ದರೂ "ಹೋಗಿ ನೋಡುವ" ಅನಿಸುತ್ತದೆ. ಬೆಸ್ಟ್ ಐದು ಅಂದಾಗ ಆ ಒತ್ತಡ ಕಡಿಮೆಯಾಗುತ್ತದೆ. ಆರನೆಯದನ್ನು ಬಿಟ್ಟರೆ ಏನೂ ಹೋಗುವುದಿಲ್ಲ. 2014ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಕಂಬಳ ನಿಂತದ್ದು, 2017ರಲ್ಲಿ ರಾಜ್ಯ ಕಾನೂನು ತಿದ್ದಿದ್ದು, 2023ರ ಮೇ ತಿಂಗಳಲ್ಲಿ ಆ ತಿದ್ದುಪಡಿಯನ್ನು ಕೋರ್ಟು ಎತ್ತಿಹಿಡಿದದ್ದು ಎಲ್ಲರಿಗೂ ಗೊತ್ತು. ಪ್ರಾಣಿಗೆ ಹಿಂಸೆ ಆಗದಂತೆ ನಡೆಸುತ್ತೇವೆ ಎಂಬ ಮಾತಿನ ಮೇಲೆ ಸಿಕ್ಕಿದ ಅವಕಾಶ ಅದು. ಬೆತ್ತದ ಬಗ್ಗೆ ನಿಯಮ ಮಾಡಿದರೆ ಸಾಲದು, ಬೆತ್ತ ಎತ್ತುವ ಆಸೆ ಹುಟ್ಟಿಸುವ ಪಟ್ಟಿಯನ್ನೂ ನೋಡಬೇಕು. ಆಫೀಸಿನಲ್ಲಿ ಎಷ್ಟು ಟಿಕೆಟ್ ಕ್ಲೋಸ್ ಮಾಡಿದಿರಿ ಅಂತ ಎಣಿಸಲು ಶುರು ಮಾಡಿದ ದಿನದಿಂದ ಜನ ಏನು ಮಾಡುತ್ತಾರೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಅಲ್ಲಿ ದಣಿಯುವುದು ನಾವು, ನಮಗೆ ಬಾಯಿ ಇದೆ.

ಇದೆಲ್ಲ ಕಂಪ್ಯೂಟರ್ ಹುಡುಗರ ತಲೆಹರಟೆ, ಕಂಬಳಕ್ಕೆ ಹೊರಗಿನ ಲೆಕ್ಕ ಬೇಡ ಅನ್ನುವವರು ಕನೆಹಲಗೆಯನ್ನು ಒಮ್ಮೆ ನೋಡಲಿ. ಅಲ್ಲಿ ಯಾರು ಮೊದಲು ಎಂಬ ಪ್ರಶ್ನೆಯೇ ಇಲ್ಲ. ಕರೆಯ ಮೇಲೆ ಎತ್ತರದಲ್ಲಿ ನಿಶಾನೆ ಕಟ್ಟಿರುತ್ತಾರೆ, ಆರೂವರೆ ಕೋಲು, ಏಳೂವರೆ ಕೋಲು. ಹಲಗೆಯ ತೂತಿನಿಂದ ಚಿಮ್ಮಿದ ನೀರು ಆ ನಿಶಾನೆಗೆ ತಾಗಬೇಕು. ತಾಗಿಸಿದವರು ಎಷ್ಟು ಜನ ಇದ್ದರೂ ಸಮಾನ ಬಹುಮಾನ. ಆ ಬಟ್ಟೆಗೆ ನೀವು ಈ ವರ್ಷ ಎಷ್ಟನೇ ಸಲ ಬಂದಿರಿ ಎಂಬುದು ಗೊತ್ತಿಲ್ಲ. ಬಟ್ಟೆ ಒದ್ದೆಯಾಯಿತೋ ಇಲ್ಲವೋ, ಅಷ್ಟೇ. ಅಪರೂಪಕ್ಕೆ ಬಂದವನನ್ನು ಅವನು ಆ ದಿನ ಮಾಡಿದ ಕೆಲಸದಿಂದಲೇ ಅಳೆಯುವ ಪದ್ಧತಿ ನಮ್ಮ ಹಿರಿಯರಿಗೆ ಗೊತ್ತಿತ್ತು. ನೇಗಿಲು, ಹಗ್ಗದ ಪಟ್ಟಿ ಬರೆಯುವಾಗ ನಾವು ಅದನ್ನು ಬಿಟ್ಟುಬಿಟ್ಟಿದ್ದೇವೆ.

ಅಂತರದ ಲೆಕ್ಕ, ಗುಣಕ, ಕಣದ ಬಲ ಎಲ್ಲ ಒಟ್ಟಿಗೆ ಆಗಬೇಕು ಅಂತ ನನ್ನ ಹಟ ಇಲ್ಲ. ಮುಂದಿನ ನವೆಂಬರಿಗೆ ಎರಡೇ ಕೆಲಸ ಆದರೂ ಸಾಕು. ಒಂದು, ಫಲಿತಾಂಶದಲ್ಲಿ ಸೆಮಿಫೈನಲ್ಲಿಗೆ ಬಂದ ನಾಲ್ಕೂ ಜೋಡಿಗಳ ಹೆಸರು, ಸಮಯ ಹಾಕಲಿ. ಎರಡು, ಸೀಸನ್ ಪಟ್ಟಿ ಮಾಡುವವರು ಪದಕದ ಕಾಲಂ ಪಕ್ಕದಲ್ಲಿ 'ಇಳಿದ ಕಂಬಳ' ಅಂತ ಇನ್ನೊಂದು ಕಾಲಂ ಸೇರಿಸಲಿ. ಪ್ರತಿ ಕಂಬಳದಲ್ಲಿ ಕೋಣಗಳನ್ನು ನೋಂದಾಯಿಸಿಕೊಳ್ಳುವಾಗ ಈ ಮಾಹಿತಿ ಹೇಗೂ ಬರೆದಿರುತ್ತದೆ. ಆಗ 20ರಲ್ಲಿ 6, 4ರಲ್ಲಿ 2 ಅಂತ ಎರಡೂ ಒಂದೇ ಹಾಳೆಯಲ್ಲಿ ಕಾಣುತ್ತವೆ. ಯಾರು ದೊಡ್ಡವರು ಅಂತ ವಾಟ್ಸಾಪಿನಲ್ಲಿ ಆಮೇಲೆ ಬೇಕಾದಷ್ಟು ಜಗಳ ಆಡುವ, ಸರಿಯಾದ ಅಂಕಿ ಇಟ್ಟುಕೊಂಡು.